ಹೃದಯದ ಚಿತ್ರ: ವಿಕಿರಣದ ಲೆಕ್ಕ ಇಡುವವರು ಯಾರು?

ಆಂಜಿಯೋಗ್ರಾಮ್ ಮಾಡಿಸಿಕೊಂಡು ಮನೆಗೆ ಬಂದವರನ್ನು ನೋಡಲು ಹೋದವರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ಬ್ಲಾಕ್ ಇತ್ತಂತೆ?’ ಎಂಬುದು. ಎರಡನೆಯದು ‘ಎಷ್ಟು ಸ್ಟೆಂಟ್ ಹಾಕಿದರು?’ ಮೂರನೆಯದು, ಸ್ವಲ್ಪ ತಗ್ಗಿದ ದನಿಯಲ್ಲಿ, ‘ಎಷ್ಟು ಖರ್ಚಾಯಿತು?’ ಈ ಮೂರಕ್ಕೂ ಉತ್ತರ ಸಿಗುತ್ತದೆ. ‘ಮೈಮೇಲೆ ಎಷ್ಟು ವಿಕಿರಣ ಬಿತ್ತು?’ ಎಂದು ಕೇಳುವವರು ಅಪರೂಪ. ಆದರೆ ಇಂದಿನ ಯಂತ್ರಗಳಲ್ಲಿ ಇದಕ್ಕೂ ಉತ್ತರವಿದೆ. ಚಿಕಿತ್ಸೆ ನಡೆಯುತ್ತಿರುವಾಗಲೇ ಅದು ಪರದೆಯ ಮೂಲೆಯಲ್ಲಿ ಅಂಕಿಯಾಗಿ ಮೂಡುತ್ತಿರುತ್ತದೆ. ಆ ಅಂಕಿಯನ್ನು ಬರೆದಿಡಬೇಕು, ಹೋಲಿಸಬೇಕು, ತಗ್ಗಿಸಬೇಕು. ಈ ಮೂರು ಕೆಲಸಗಳ ಪರಿಚಯವೇ ಈ ಲೇಖನದ ಉದ್ದೇಶ.

ಈ ಕೆಲಸಕ್ಕೆ ವೈದ್ಯರೊಬ್ಬರೇ ಸಾಲರು, ಎಂಜಿನಿಯರೊಬ್ಬರೇ ಸಾಲರು. ಉತ್ತರ ಬೆಂಗಳೂರಿನ ಮತ್ತಿಕೆರೆಯನ್ನು ನೋಡಿ. ಇಲ್ಲಿನ ರಾಮಯ್ಯ ಆವರಣದಲ್ಲಿ 1962ರಲ್ಲಿ ಎಂಜಿನಿಯರಿಂಗ್ ಕಾಲೇಜು, 1979ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದವು. ಬೋಧನಾ ಆಸ್ಪತ್ರೆಯೂ ಹೃದಯ ಚಿಕಿತ್ಸಾ ವಿಭಾಗವೂ ಅಲ್ಲೇ ಇವೆ. ಪಕ್ಕದ ಜಾಲಹಳ್ಳಿಯಲ್ಲಿರುವ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1954ರಷ್ಟು ಹಳೆಯದು. ಅದೇ ಸಂಸ್ಥೆ 1997ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯೊಡನೆ ಸೇರಿ, ಎಕ್ಸ್-ಕಿರಣ ನಳಿಗೆಗಳನ್ನು ತಯಾರಿಸುವ ಜಂಟಿ ಉದ್ಯಮವನ್ನು ಬೆಂಗಳೂರಿನಲ್ಲಿ ಕಟ್ಟಿತು. ಹೀಗೆ ಎಕ್ಸ್-ಕಿರಣವನ್ನು ಹುಟ್ಟಿಸುವ ತಂತ್ರ ಬಲ್ಲವರೂ ಅದನ್ನು ರೋಗಿಯ ಮೇಲೆ ಬಳಸುವವರೂ ನೆರೆಹೊರೆಯಲ್ಲೇ ಇರುವ ನಗರ ನಮ್ಮದು. ವಿಕಿರಣದ ಲೆಕ್ಕವನ್ನು ಇಬ್ಬರೂ ಕೂಡಿ ಇಡಬೇಕಾದದ್ದು.

ಕ್ಯಾತ್ ಲ್ಯಾಬ್‌ನಲ್ಲಿ ನಡೆಯುವುದೇನು?

ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ಪರಿಧಮನಿಗಳು ಸಾಮಾನ್ಯ ಎಕ್ಸ್-ಕಿರಣ ಚಿತ್ರದಲ್ಲಿ ಕಾಣುವುದಿಲ್ಲ. ಅವುಗಳೊಳಗೆ ಅಯೋಡಿನ್ ಇರುವ ದ್ರವವೊಂದನ್ನು ಹರಿಸಿದರೆ, ಅಯೋಡಿನ್ ಎಕ್ಸ್-ಕಿರಣಗಳನ್ನು ಹೆಚ್ಚಾಗಿ ಹೀರಿಕೊಳ್ಳುವುದರಿಂದ ಧಮನಿಯ ಒಳಜಾಡು ಕಪ್ಪಾಗಿ ಕಾಣುತ್ತದೆ. ಜರ್ಮನಿಯ ವರ್ನರ್ ಫೋರ್ಸ್‌ಮನ್ 1929ರಲ್ಲಿ ತನ್ನ ತೋಳಿನ ಅಭಿಧಮನಿಯ ಮೂಲಕವೇ ಹೃದಯಕ್ಕೆ ಕೊಳವೆ ತೂರಿಸಿಕೊಂಡು ಈ ದಾರಿಯನ್ನು ತೆರೆದ. 1958ರಲ್ಲಿ ಅಮೆರಿಕದ ಮೇಸನ್ ಸೋನ್ಸ್ ಪರಿಧಮನಿಗಳ ಚಿತ್ರ ಪಡೆದ. 1977ರಲ್ಲಿ ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಪುಟ್ಟ ಬಲೂನಿನಿಂದ ಕಿರಿದಾದ ಪರಿಧಮನಿಯನ್ನು ಹಿಗ್ಗಿಸಿದ. ಇಂದು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ, ಅದರ ಮೈಸೂರು ಮತ್ತು ಕಲಬುರಗಿ ಶಾಖೆಗಳು ಹಾಗೂ ಅನೇಕ ಖಾಸಗಿ ಆಸ್ಪತ್ರೆಗಳಲ್ಲಿ ಇದು ನಿತ್ಯದ ಕೆಲಸ.

ಕ್ಯಾತ್ ಲ್ಯಾಬ್‌ನ ಯಂತ್ರ ಇಂಗ್ಲಿಷಿನ ‘ಸಿ’ ಅಕ್ಷರದ ಆಕಾರದ್ದು. ಒಂದು ತುದಿಯಲ್ಲಿ, ರೋಗಿ ಮಲಗಿದ ಮೇಜಿನ ಕೆಳಗೆ, ಎಕ್ಸ್-ಕಿರಣ ನಳಿಗೆ. ಇನ್ನೊಂದು ತುದಿಯಲ್ಲಿ, ಎದೆಯ ಮೇಲೆ, ಚಿತ್ರಗ್ರಾಹಕ ಫಲಕ. ಅಂದರೆ ಕಿರಣಗಳು ಬೆನ್ನಿನಿಂದ ಒಳಹೊಕ್ಕು ಎದೆಯಿಂದ ಹೊರಬರುತ್ತವೆ. ದಾರಿಯಲ್ಲಿ ಬಹುಪಾಲು ಶಕ್ತಿ ದೇಹದಲ್ಲೇ ಉಳಿಯುವುದರಿಂದ ಅತಿ ಹೆಚ್ಚು ಹೊಡೆತ ಬೀಳುವುದು ಬೆನ್ನಿನ ಚರ್ಮಕ್ಕೆ. ರೋಗಿಗೆ ಇದು ಗೊತ್ತಾಗುವುದೇ ಇಲ್ಲ. ಎಕ್ಸ್-ಕಿರಣ ಬಿಸಿಯೂ ಅಲ್ಲ, ನೋವೂ ಅಲ್ಲ.

ವೈದ್ಯರಿಗೆ ಎರಡು ಬಗೆಯ ಚಿತ್ರ ಬೇಕು. ಕೊಳವೆ ಎಲ್ಲಿ ಹೋಗುತ್ತಿದೆ ಎಂದು ನೋಡಲು ಬೇಕಾದ ಮಸುಕಾದ ನೇರ ಚಿತ್ರ ಮೊದಲನೆಯದು, ಇದು ಫ್ಲೂರೋಸ್ಕೋಪಿ. ಧಮನಿಯಲ್ಲಿ ದ್ರವ ಹರಿಯುವಾಗ ಬೇಕಾದ ಸ್ಪಷ್ಟ ಚಲನಚಿತ್ರ ಎರಡನೆಯದು, ಇದು ಸಿನಿ. ರೋಗಿಗೆ ಕೊಡುವ ಸಿ.ಡಿ.ಯಲ್ಲಿ ಇರುವುದು ಮುಖ್ಯವಾಗಿ ಈ ಸಿನಿ ಚಿತ್ರಗಳೇ.

ಮೂರು ಅಳತೆಗಳು

ವಿಕಿರಣವನ್ನು ಅಳೆಯುವಾಗ ಮೂರು ಅಳತೆಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಮಳೆಯ ಹೋಲಿಕೆ ಇಲ್ಲಿ ಉಪಯುಕ್ತ.

ಮೊದಲನೆಯದು, ಒಂದು ಜಾಗದಲ್ಲಿ ಬಿದ್ದದ್ದು ಎಷ್ಟು ಎಂಬುದು. ಮಳೆಮಾಪಕ ಒಂದೆಡೆ ಬಿದ್ದ ಮಳೆಯನ್ನು ಮಿಲಿಮೀಟರುಗಳಲ್ಲಿ ಹೇಳುವಂತೆ ಇದು. ಇದರ ಮಾನ ಗ್ರೇ. ಒಂದು ಕಿಲೋಗ್ರಾಮ್ ವಸ್ತು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಒಂದು ಗ್ರೇ. ಯಂತ್ರವು ರೋಗಿಯ ಚರ್ಮದ ಸಮೀಪದ ಒಂದು ನಿಗದಿತ ಬಿಂದುವಿನಲ್ಲಿ ಇದನ್ನು ಲೆಕ್ಕಹಾಕಿ ತೋರಿಸುತ್ತದೆ. ಯಂತ್ರದ ತೋಳು ತಿರುಗುವ ಕೇಂದ್ರದಿಂದ ನಳಿಗೆಯ ಕಡೆಗೆ 15 ಸೆಂಟಿಮೀಟರ್ ದೂರದಲ್ಲಿ ಈ ಬಿಂದು ಇರುತ್ತದೆ. ಚರ್ಮಕ್ಕೆ ಏನಾಗಬಹುದು ಎಂಬುದಕ್ಕೆ ಇದು ಸೂಚಕ.

ಎರಡನೆಯದು, ಬಿದ್ದದ್ದನ್ನು ಬಿದ್ದ ಜಾಗದ ವಿಸ್ತೀರ್ಣದಿಂದ ಗುಣಿಸಿದ ಮೊತ್ತ. ಕೆರೆಯ ಜಲಾನಯನ ಪ್ರದೇಶಕ್ಕೆಲ್ಲ ಸುರಿದ ಒಟ್ಟು ನೀರಿನಂತೆ ಇದು. ಮಾನ ಗ್ರೇ-ಚದರ ಸೆಂಟಿಮೀಟರ್. ಒಟ್ಟು ದೇಹಕ್ಕೆ ಹೊಕ್ಕ ವಿಕಿರಣಕ್ಕೂ ಒಂದು ಆಸ್ಪತ್ರೆಯನ್ನು ಇನ್ನೊಂದರೊಡನೆ ಹೋಲಿಸುವುದಕ್ಕೂ ಇದು ಅನುಕೂಲ.

ಮೂರನೆಯದು ಪರಿಣಾಮಕಾರಿ ಡೋಸ್. ಶ್ವಾಸಕೋಶ, ಸ್ತನ, ಎಲುಬಿನ ಮಜ್ಜೆ ಮುಂತಾದ ಅಂಗಗಳ ಸೂಕ್ಷ್ಮತೆ ಬೇರೆ ಬೇರೆ. ಅದನ್ನು ಪರಿಗಣಿಸಿ ಇಡೀ ದೇಹಕ್ಕೆ ಒಂದೇ ಅಂಕಿಯಾಗಿ ಹೇಳುವುದು ಇದರ ಗುರಿ. ಮಾನ ಸೀವರ್ಟ್, ವ್ಯವಹಾರದಲ್ಲಿ ಅದರ ಸಾವಿರದ ಒಂದು ಭಾಗವಾದ ಮಿಲಿಸೀವರ್ಟ್. ಹೃದಯದ ಚಿತ್ರಣದಲ್ಲಿ ಗ್ರೇ-ಚದರ ಸೆಂಟಿಮೀಟರ್ ಅಂಕಿಯನ್ನು ಸುಮಾರು 0.2ರಿಂದ ಗುಣಿಸಿದರೆ ಮಿಲಿಸೀವರ್ಟ್‌ನ ಅಂದಾಜು ಸಿಗುತ್ತದೆ. ಉದಾಹರಣೆಗೆ, ಪರದೆ 40 ಎಂದು ತೋರಿಸಿದರೆ ಡೋಸ್ ಸುಮಾರು 8 ಮಿಲಿಸೀವರ್ಟ್.

ಇದು ಹೆಚ್ಚೋ ಕಡಿಮೆಯೋ? ಭೂಮಿ, ಗಾಳಿ, ಆಹಾರ, ಅಂತರಿಕ್ಷ ಎಲ್ಲದರಿಂದ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸಿಗುವ ವಿಕಿರಣದ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ಒಂದು ಎದೆಯ ಎಕ್ಸ್-ಕಿರಣ ಚಿತ್ರಕ್ಕೆ ಸುಮಾರು 0.02. ಆಂಜಿಯೋಗ್ರಾಮ್‌ಗೆ ಸುಮಾರು 7, ಸ್ಟೆಂಟ್ ಹಾಕುವ ಚಿಕಿತ್ಸೆಗೆ ಸುಮಾರು 15 ಎಂಬುದು 2008ರಲ್ಲಿ ಪ್ರಕಟವಾದ ವಿಮರ್ಶೆಯೊಂದರ ಸರಾಸರಿ. ಗಮನಿಸಬೇಕಾದದ್ದು ಸರಾಸರಿಗಿಂತ ಅಂತರವನ್ನು. ಆಂಜಿಯೋಗ್ರಾಮ್‌ನಲ್ಲಿ ಅದು 2ರಿಂದ 16ರವರೆಗೆ, ಸ್ಟೆಂಟ್ ಚಿಕಿತ್ಸೆಯಲ್ಲಿ 7ರಿಂದ 57ರವರೆಗೆ ಹರಡಿತ್ತು. ಒಂದೇ ಹೆಸರಿನ ಪರೀಕ್ಷೆಗೆ ಎಂಟು ಪಟ್ಟು ವ್ಯತ್ಯಾಸವೆಂದರೆ, ತಗ್ಗಿಸಲು ಅವಕಾಶ ಇದೆ ಎಂದೇ ಅರ್ಥ.

ಎರಡು ಬಗೆಯ ಹಾನಿ

ಮೊದಲ ಬಗೆಯ ಹಾನಿ ಒಂದು ಮಿತಿ ದಾಟಿದರೆ ಮಾತ್ರ ಕಾಣಿಸುತ್ತದೆ. ಚರ್ಮದ ಒಂದೇ ಜಾಗಕ್ಕೆ ಸುಮಾರು 2 ಗ್ರೇ ಬಿದ್ದರೆ ಕೆಲವು ಗಂಟೆಗಳಲ್ಲಿ ಕೆಂಪಾಗಿ ಮಾಯವಾಗಬಹುದು. ಸುಮಾರು 3 ಗ್ರೇಗೆ ಆ ಜಾಗದ ಕೂದಲು ತಾತ್ಕಾಲಿಕವಾಗಿ ಉದುರಬಹುದು. 6 ಗ್ರೇ ಆಸುಪಾಸಿನಲ್ಲಿ ಒಂದೆರಡು ವಾರದ ಬಳಿಕ ಬಿಸಿಲಿಗೆ ಸುಟ್ಟಂತೆ ಕೆಂಪಾಗುತ್ತದೆ. 15 ಗ್ರೇ ಮೀರಿದರೆ ವಾಸಿಯಾಗದ ಹುಣ್ಣಾಗುವ ಸಂಭವವಿದೆ. ಸಾಧಾರಣ ಆಂಜಿಯೋಗ್ರಾಮ್ ಈ ಮಿತಿಗಳ ಹತ್ತಿರವೂ ಬರುವುದಿಲ್ಲ. ಸಂಪೂರ್ಣ ಮುಚ್ಚಿದ ಧಮನಿಯನ್ನು ಗಂಟೆಗಟ್ಟಲೆ ತೆರೆಯುವಂತಹ ಕ್ಲಿಷ್ಟ ಚಿಕಿತ್ಸೆಯಲ್ಲಿ, ಅದರಲ್ಲೂ ರೋಗಿ ಸ್ಥೂಲಕಾಯರಾಗಿದ್ದರೆ, ಬರಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1994ರಲ್ಲೇ ಇಂತಹ ಚರ್ಮದ ಗಾಯಗಳ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು.

ಇಲ್ಲಿ ಒಂದು ತೊಡಕಿದೆ. ಗಾಯ ಕಾಣುವುದು ಚಿಕಿತ್ಸೆಯಾದ ಕೆಲವು ವಾರಗಳ ನಂತರ, ಅದೂ ಬೆನ್ನಿನಲ್ಲಿ, ಸಾಮಾನ್ಯವಾಗಿ ಹೆಗಲೆಲುಬಿನ ಕೆಳಗೆ. ಅಷ್ಟು ಹೊತ್ತಿಗೆ ರೋಗಿ ಊರಿಗೆ ಮರಳಿರುತ್ತಾರೆ. ಹುಳುಕಡ್ಡಿ ಎಂದೋ ಅಲರ್ಜಿ ಎಂದೋ ಮುಲಾಮು ಹಚ್ಚಿಕೊಳ್ಳುತ್ತಾರೆ. ಎರಡು ತಿಂಗಳ ಹಿಂದೆ ಹೃದಯಕ್ಕೆ ಮಾಡಿದ ಚಿಕಿತ್ಸೆಗೂ ಬೆನ್ನಿನ ಚೌಕಾಕಾರದ ಕೆಂಪು ಕಲೆಗೂ ಸಂಬಂಧವಿದೆ ಎಂದು ರೋಗಿಗೂ ಹೊಳೆಯುವುದಿಲ್ಲ, ಚರ್ಮವೈದ್ಯರಿಗೂ ಹೊಳೆಯುವುದಿಲ್ಲ. ಡಿಸ್ಚಾರ್ಜ್ ಪತ್ರದಲ್ಲಿ ಡೋಸ್ ಬರೆದಿದ್ದರೆ ಹೊಳೆಯುತ್ತಿತ್ತು.

ಎರಡನೆಯ ಬಗೆಯ ಹಾನಿ ಕ್ಯಾನ್ಸರ್ ಸಂಭವ. ಇದಕ್ಕೆ ಕೆಳಮಿತಿ ಇಲ್ಲವೆಂದು ಭಾವಿಸಿ ಮುನ್ನೆಚ್ಚರಿಕೆ ವಹಿಸುವುದು ಅಂತರರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗದ ನಿಲುವು. ಅದರ 2007ರ ಶಿಫಾರಸಿನ ಪ್ರಕಾರ ಇದು ಒಂದು ಸೀವರ್ಟ್‌ಗೆ ಸುಮಾರು ಶೇಕಡಾ 5. ಅಂದರೆ 10 ಮಿಲಿಸೀವರ್ಟ್‌ಗೆ ಸುಮಾರು 2000 ಜನರಲ್ಲಿ ಒಬ್ಬರು. ಇದು ಎಲ್ಲ ವಯಸ್ಸಿನವರ ಸರಾಸರಿ; ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲು ಬಳಸತಕ್ಕದ್ದಲ್ಲ. ಅರವತ್ತು ದಾಟಿದವರಲ್ಲಿ ಇದು ಇನ್ನೂ ಕಡಿಮೆ, ಮಕ್ಕಳಲ್ಲಿ ಹೆಚ್ಚು. ಹೃದಯಾಘಾತವಾದಾಗ ಧಮನಿ ತೆರೆಯದಿದ್ದರೆ ಇರುವ ಅಪಾಯದ ಮುಂದೆ ಇದು ತೀರಾ ಚಿಕ್ಕದು. ವಿಕಿರಣಕ್ಕೆ ಹೆದರಿ ಅಗತ್ಯವಾದ ಆಂಜಿಯೋಗ್ರಾಮ್ ಬೇಡವೆನ್ನುವುದು ಜಾಣತನವಲ್ಲ.

ಸಿಬ್ಬಂದಿಗೆ ಮಿತಿ, ರೋಗಿಗೆ ಇಲ್ಲ

ಕ್ಯಾತ್ ಲ್ಯಾಬ್‌ನ ವೈದ್ಯರು, ದಾದಿಯರು, ತಂತ್ರಜ್ಞರು ಧರಿಸುವ ಚಿಕ್ಕ ಬಿಲ್ಲೆಯಲ್ಲಿ ಡಿಸ್ಪ್ರೋಸಿಯಮ್ ಬೆರೆಸಿದ ಕ್ಯಾಲ್ಸಿಯಮ್ ಸಲ್ಫೇಟಿನ ತಟ್ಟೆಗಳಿರುತ್ತವೆ. ವಿಕಿರಣದ ಶಕ್ತಿಯನ್ನು ಇವು ಹಿಡಿದಿಟ್ಟುಕೊಂಡು, ಕಾಯಿಸಿದಾಗ ಬೆಳಕಾಗಿ ಬಿಡುತ್ತವೆ. ಆ ಬೆಳಕನ್ನು ಅಳೆದು ಪ್ರತಿಯೊಬ್ಬರ ಲೆಕ್ಕ ಇಡುತ್ತಾರೆ. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ನಮ್ಮ ದೇಶದಲ್ಲಿ ಸಿಬ್ಬಂದಿಗೆ ಮಿತಿ ಹಾಕಿದೆ: ಸತತ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30ನ್ನು ಮೀರುವಂತಿಲ್ಲ.

ರೋಗಿಗೆ ಇಂತಹ ಮಿತಿ ಯಾವ ದೇಶದಲ್ಲೂ ಇಲ್ಲ. ಇದು ಅಲಕ್ಷ್ಯದಿಂದ ಆದದ್ದಲ್ಲ. ಅರ್ಧ ಚಿಕಿತ್ಸೆಯಾದಾಗ ‘ನಿಮ್ಮ ಪಾಲಿನ ವಿಕಿರಣ ಮುಗಿಯಿತು’ ಎಂದು ಯಂತ್ರ ನಿಲ್ಲಿಸಲಾಗದು. ಮಿತಿಯ ಬದಲು ಎರಡು ತತ್ತ್ವಗಳಿವೆ. ಪರೀಕ್ಷೆ ನಿಜಕ್ಕೂ ಬೇಕೇ ಎಂದು ಮೊದಲು ಕೇಳಿಕೊಳ್ಳುವುದು ಸಮರ್ಥನೆ. ಬೇಕಾದರೆ, ಕೆಲಸಕ್ಕೆ ಸಾಕಾಗುವಷ್ಟು ಮಾತ್ರ ವಿಕಿರಣ ಬಳಸುವುದು ಮಿತಬಳಕೆ. ಮಿತಿ ಇಲ್ಲದ ಕಡೆ ಲೆಕ್ಕ ಇಡುವುದು ಇನ್ನೂ ಮುಖ್ಯವಾಗುತ್ತದೆ.

ನಿಮಿಷ ಎಣಿಸಿದರೆ ಸಾಲದು

ಎಷ್ಟೋ ಕಡೆ ‘ಫ್ಲೂರೋ ಸಮಯ 5 ನಿಮಿಷ’ ಎಂದಷ್ಟೇ ಬರೆಯುವ ರೂಢಿಯಿದೆ. ಇದು ಏಕೆ ಸಾಲದು ಎಂಬುದಕ್ಕೆ ಒಂದು ಸರಳ ಲೆಕ್ಕ ಮಾಡೋಣ. ಸೆಕೆಂಡಿಗೆ 7.5 ಚಿತ್ರದಂತೆ 5 ನಿಮಿಷ ಫ್ಲೂರೋ ನಡೆದರೆ 2250 ಚಿತ್ರಗಳಾಗುತ್ತವೆ. ಸೆಕೆಂಡಿಗೆ 15ರಂತೆ, ತಲಾ 5 ಸೆಕೆಂಡಿನ 8 ಸಿನಿ ಓಟಗಳನ್ನು ತೆಗೆದರೆ 600 ಚಿತ್ರಗಳು. ಆದರೆ ಒಂದು ಸಿನಿ ಚಿತ್ರಕ್ಕೆ ಒಂದು ಫ್ಲೂರೋ ಚಿತ್ರದ ಹತ್ತು ಪಟ್ಟು ವಿಕಿರಣ ಬೇಕೆಂದು ಹಿಡಿದರೆ, ಆ 600 ಚಿತ್ರಗಳು 6000 ಫ್ಲೂರೋ ಚಿತ್ರಗಳಿಗೆ ಸಮ. ಕೇವಲ 40 ಸೆಕೆಂಡಿನ ಸಿನಿ, 5 ನಿಮಿಷದ ಫ್ಲೂರೋಗಿಂತ ಎರಡೂವರೆ ಪಟ್ಟಿಗೂ ಮಿಗಿಲು! ನಿಮಿಷದ ಲೆಕ್ಕದಲ್ಲಿ ಇದು ಬರುವುದೇ ಇಲ್ಲ. ರೋಗಿಯ ಗಾತ್ರವೂ ಬರುವುದಿಲ್ಲ. ಆದ್ದರಿಂದ ಗ್ರೇ ಮತ್ತು ಗ್ರೇ-ಚದರ ಸೆಂಟಿಮೀಟರ್ ಎರಡನ್ನೂ ಬರೆಯಬೇಕು.

ತಗ್ಗಿಸುವ ದಾರಿಗಳು

ವಿಕಿರಣ ತಗ್ಗಿಸಲು ಯಾವಾಗಲೂ ಹೊಸ ಯಂತ್ರವೇ ಬೇಕೆಂದಿಲ್ಲ. ಹಲವು ದಾರಿಗಳು ಅಭ್ಯಾಸಕ್ಕೆ ಸೇರಿದವು.

ಮೊದಲನೆಯದು ದೂರ. ನಳಿಗೆಯಿಂದ ದೂರ ಹೆಚ್ಚಿದಂತೆ ಕಿರಣದ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ನಳಿಗೆಯಿಂದ 60 ಸೆಂಟಿಮೀಟರ್ ದೂರದಲ್ಲಿರುವ ಚರ್ಮದ ಮೇಲೆ ಬೀಳುವ ತೀವ್ರತೆ, 80 ಸೆಂಟಿಮೀಟರಿನಲ್ಲಿ ಬೀಳುವುದರ ಸುಮಾರು 1.8 ಪಟ್ಟು. ಆದ್ದರಿಂದ ಮೇಜನ್ನು ಎತ್ತರಿಸಿ, ಚಿತ್ರಗ್ರಾಹಕವನ್ನು ಎದೆಗೆ ಆದಷ್ಟು ಹತ್ತಿರ ತರಬೇಕು.

ಎರಡನೆಯದು ಚಿತ್ರಗಳ ಸಂಖ್ಯೆ. ಸೆಕೆಂಡಿಗೆ 15ರ ಬದಲು 7.5 ಚಿತ್ರ ಸಾಕಾದ ಕಡೆ ಅಷ್ಟೇ ಬಳಸಬೇಕು. ಕಾಲು ಪೆಡಲಿನ ಮೇಲಿದ್ದು ಕಣ್ಣು ಬೇರೆಡೆ ಇದ್ದರೆ ಆ ವಿಕಿರಣ ವ್ಯರ್ಥ. ಪೆಡಲ್ ಬಿಟ್ಟ ಮೇಲೂ ಕೊನೆಯ ಚಿತ್ರ ಪರದೆಯಲ್ಲಿ ನಿಲ್ಲುವ ವ್ಯವಸ್ಥೆಯಿದೆ. ಯೋಚಿಸಲು ಅದು ಸಾಕು.

ಮೂರನೆಯದು ಕಿರಣದ ಅಗಲ. ನೋಡಬೇಕಾದ ಭಾಗಕ್ಕಷ್ಟೇ ಕಿರಣ ಬೀಳುವಂತೆ ಸೀಸದ ಕದಗಳನ್ನು ಕಿರಿದುಗೊಳಿಸಿದರೆ ಒಟ್ಟು ವಿಕಿರಣವೂ ತಗ್ಗುತ್ತದೆ, ಚದುರುವಿಕೆ ಕಡಿಮೆಯಾಗಿ ಚಿತ್ರವೂ ಸ್ಪಷ್ಟವಾಗುತ್ತದೆ.

ನಾಲ್ಕನೆಯದು ಕೋನ. ಕಿರಣ ತೀರಾ ಓರೆಯಾಗಿ ಹೋದರೆ ದೇಹದಲ್ಲಿ ಹೆಚ್ಚು ದಪ್ಪವನ್ನು ದಾಟಬೇಕು. ಸುಮಾರು 3ರಿಂದ 4 ಸೆಂಟಿಮೀಟರ್ ದಪ್ಪ ಹೆಚ್ಚಿದರೆ, ಅಷ್ಟೇ ಬೆಳಕಿನ ಚಿತ್ರ ಕೊಡಲು ಯಂತ್ರ ತಾನಾಗಿಯೇ ವಿಕಿರಣವನ್ನು ಇಮ್ಮಡಿಗೊಳಿಸುತ್ತದೆ. ದೀರ್ಘ ಚಿಕಿತ್ಸೆಯಲ್ಲಿ ಆಗಾಗ ಕೋನ ಬದಲಿಸಿದರೆ, ಹೊಡೆತ ಒಂದೇ ಜಾಗಕ್ಕೆ ಬೀಳದೆ ಬೆನ್ನಿನಲ್ಲಿ ಹಂಚಿಹೋಗುತ್ತದೆ.

ಇದಕ್ಕೆಲ್ಲ ಇನ್ನೊಂದು ಲಾಭವಿದೆ. ಸಿಬ್ಬಂದಿಯ ಮೇಲೆ ಬೀಳುವ ವಿಕಿರಣದಲ್ಲಿ ಹೆಚ್ಚಿನದು ರೋಗಿಯ ದೇಹದಿಂದ ಚದುರಿ ಬಂದದ್ದು. ರೋಗಿಗೆ ತಗ್ಗಿದರೆ ಅವರಿಗೂ ತಗ್ಗುತ್ತದೆ. ವರ್ಷಾನುಗಟ್ಟಲೆ ಇಲ್ಲಿ ನಿಲ್ಲುವವರ ಕಣ್ಣಿನ ಮಸೂರಕ್ಕೆ ಪೊರೆ ಬರುವ ಸಂಭವವಿರುವುದರಿಂದಲೇ, ಮೇಲೆ ಹೇಳಿದ ಆಯೋಗ 2011ರಲ್ಲಿ ಮಸೂರದ ಮಿತಿಯನ್ನು ವರ್ಷಕ್ಕೆ 150ರಿಂದ ಸರಾಸರಿ 20 ಮಿಲಿಸೀವರ್ಟ್‌ಗೆ ಇಳಿಸಲು ಶಿಫಾರಸು ಮಾಡಿತು.

ಸಿ.ಟಿ. ಮತ್ತು ನ್ಯೂಕ್ಲಿಯರ್ ಸ್ಕ್ಯಾನ್

ಕೊಳವೆ ತೂರಿಸದೆ, ತೋಳಿಗೆ ಚುಚ್ಚುಮದ್ದು ಕೊಟ್ಟು ಪರಿಧಮನಿ ನೋಡುವ ಸಿ.ಟಿ. ಆಂಜಿಯೋಗ್ರಾಮ್ ಈಗ ವ್ಯಾಪಕ. ಹಿಂದೆ ಇದರಲ್ಲಿ ಹೃದಯ ಬಡಿತದ ಪೂರ್ತಿ ಚಕ್ರಕ್ಕೂ ಕಿರಣ ಹಾಯಿಸುತ್ತಿದ್ದರು. ಈಗ ಇ.ಸಿ.ಜಿ.ಗೆ ಹೊಂದಿಸಿ, ಹೃದಯ ಅಲುಗಾಟ ಕಡಿಮೆ ಮಾಡುವ ಕ್ಷಣದಲ್ಲಷ್ಟೇ ಕಿರಣ ಬಿಡುತ್ತಾರೆ. ಬಡಿತ ನಿಧಾನವಾಗಲು ಮೊದಲೇ ಮಾತ್ರೆ ಕೊಡುವುದೂ ಇದಕ್ಕಾಗಿಯೇ. ಹಲವು ದೇಶಗಳ ಆಸ್ಪತ್ರೆಗಳ ಸಮೀಕ್ಷೆಗಳ ಪ್ರಕಾರ, ಸಿ.ಟಿ. ಯಂತ್ರ ತೋರಿಸುವ ಒಟ್ಟು ಡೋಸಿನ ಮಧ್ಯಮಾಂಕ 2007ರಲ್ಲಿ 885 ಇದ್ದದ್ದು 2017ರಲ್ಲಿ 195ಕ್ಕೆ ಇಳಿದಿತ್ತು. ಇದರ ಮಾನ ಮಿಲಿಗ್ರೇ-ಸೆಂಟಿಮೀಟರ್. ಹತ್ತು ವರ್ಷದಲ್ಲಿ ಶೇಕಡಾ 78ರ ಇಳಿಕೆ! ಅಳೆದವರಿಗೆ ಮಾತ್ರ ಈ ಇಳಿಕೆ ಕಂಡಿತು.

ಅಂಕಿಗಳನ್ನು ಹೋಲಿಸುವಾಗ ಒಂದು ಎಚ್ಚರ ಬೇಕು. ಈ ಅಂಕಿಯನ್ನು ಮಿಲಿಸೀವರ್ಟ್‌ಗೆ ತಿರುಗಿಸಲು ಹಿಂದೆ ಎದೆಯ ಗುಣಕವಾದ 0.014ನ್ನು ಬಳಸುತ್ತಿದ್ದರು. ಹೃದಯಕ್ಕೆಂದೇ ಲೆಕ್ಕಹಾಕಿದ ಹೊಸ ಗುಣಕ 0.026. ಅದೇ 200 ಎಂಬ ಅಂಕಿ ಒಂದರಲ್ಲಿ 2.8, ಇನ್ನೊಂದರಲ್ಲಿ 5.2 ಆಗುತ್ತದೆ. ಆದ್ದರಿಂದ ಯಂತ್ರ ಕೊಟ್ಟ ಮೂಲ ಅಂಕಿಯನ್ನೇ ದಾಖಲಿಸುವುದು ಕ್ಷೇಮ.

ಹೃದಯ ಸ್ನಾಯುವಿನ ರಕ್ತ ಸಂಚಾರ ತೋರಿಸುವ ನ್ಯೂಕ್ಲಿಯರ್ ಸ್ಕ್ಯಾನ್‌ನಲ್ಲಿ ವಿಕಿರಣ ಬರುವುದು ದೇಹಕ್ಕೆ ಚುಚ್ಚಿದ ಔಷಧದಿಂದ. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 2013ರಲ್ಲಿ 65 ದೇಶಗಳ 308 ಪ್ರಯೋಗಾಲಯಗಳನ್ನು ಸಮೀಕ್ಷಿಸಿದಾಗ ಸರಾಸರಿ ಡೋಸ್ 10 ಮಿಲಿಸೀವರ್ಟ್ ಇತ್ತು. ಮಧ್ಯಮಾಂಕವನ್ನು 9ರೊಳಗೆ ಇಟ್ಟುಕೊಂಡ ಪ್ರಯೋಗಾಲಯಗಳು ಶೇಕಡಾ 30 ಮಾತ್ರ. ಥ್ಯಾಲಿಯಮ್ ಬದಲು ಟೆಕ್ನೀಷಿಯಮ್ ಬಳಸುವುದು ಡೋಸ್ ತಗ್ಗಿಸುವ ಒಂದು ದಾರಿ. ಶ್ರಮದ ನಂತರದ ಚಿತ್ರ ಸಹಜವಾಗಿದ್ದರೆ ವಿಶ್ರಾಂತಿಯ ಚಿತ್ರವನ್ನು ಕೈಬಿಡುವುದು ಇನ್ನೊಂದು.

ಬರೆದಿಟ್ಟ ಅಂಕಿಯಿಂದ ಆಗುವುದೇನು?

ಒಂದು ಕ್ಯಾತ್ ಲ್ಯಾಬ್ ಮೂರು ತಿಂಗಳ ಅಂಕಿಗಳನ್ನು ಸಾಲಾಗಿ ಬರೆದು ಮಧ್ಯಮಾಂಕ ಕಂಡುಕೊಂಡರೆ, ಅದನ್ನು ಬೇರೆಯವರ ಅಂಕಿಯೊಡನೆ ಹೋಲಿಸಬಹುದು. ಹೀಗೆ ಹಲವು ಆಸ್ಪತ್ರೆಗಳ ಮಧ್ಯಮಾಂಕಗಳನ್ನು ಏರಿಕೆ ಕ್ರಮದಲ್ಲಿಟ್ಟು, ನಾಲ್ಕರಲ್ಲಿ ಮೂರು ಪಾಲು ಆಸ್ಪತ್ರೆಗಳು ಯಾವ ಅಂಕಿಯ ಒಳಗಿವೆಯೋ ಅದನ್ನು ಉಲ್ಲೇಖ ಮಟ್ಟವೆಂದು ಗೊತ್ತುಮಾಡುತ್ತಾರೆ. 2018ರಲ್ಲಿ ಪ್ರಕಟವಾದ ಯೂರೋಪಿನ ಸಮೀಕ್ಷೆಯೊಂದು ಆಂಜಿಯೋಗ್ರಾಮ್‌ಗೆ 35, ಸ್ಟೆಂಟ್ ಚಿಕಿತ್ಸೆಗೆ 85 ಗ್ರೇ-ಚದರ ಸೆಂಟಿಮೀಟರ್ ಎಂದು ಸೂಚಿಸಿತು. ಉಲ್ಲೇಖ ಮಟ್ಟವನ್ನು ಒಬ್ಬ ರೋಗಿಗೆ ಮಿತಿಯಾಗಿ ಅನ್ವಯಿಸಬಾರದು. ಒಂದು ವಿಭಾಗದ ಮಧ್ಯಮಾಂಕವೇ ಅದನ್ನು ದಾಟಿದ್ದರೆ ಕಾರಣ ಹುಡುಕಬೇಕು: ಯಂತ್ರದ ಹೊಂದಾಣಿಕೆ ತಪ್ಪಿದೆಯೇ, ಸಿನಿ ಓಟಗಳು ಉದ್ದವೇ, ಅಥವಾ ಅಲ್ಲಿಗೆ ಬರುವವರೇ ಕ್ಲಿಷ್ಟ ರೋಗಿಗಳೇ?

ಚಿಕಿತ್ಸೆಯ ನಡುವೆಯೂ ಅಂಕಿಗೆ ಕೆಲಸವಿದೆ. ಪರದೆ 3 ಗ್ರೇ ಮುಟ್ಟಿದಾಗ ತಂತ್ರಜ್ಞರು ಗಟ್ಟಿಯಾಗಿ ಹೇಳಬೇಕು, ಆಮೇಲೆ ಪ್ರತಿ ಗ್ರೇಗೂ ಹೇಳಬೇಕು ಎಂಬುದು ಅಮೆರಿಕದ ವಿಕಿರಣ ಸಂರಕ್ಷಣಾ ಮಂಡಳಿಯ ಸಲಹೆ. 5 ಗ್ರೇ ಅಥವಾ 500 ಗ್ರೇ-ಚದರ ಸೆಂಟಿಮೀಟರ್ ದಾಟಿದವರಿಗೆ ವಿಷಯ ತಿಳಿಸಿ, ಚರ್ಮವನ್ನು ಮುಂದೆ ಪರೀಕ್ಷಿಸುವ ಏರ್ಪಾಡು ಮಾಡಬೇಕು. ಹೊಸ ಯಂತ್ರಗಳು ಪ್ರತಿ ಚಿಕಿತ್ಸೆಯ ಪೂರ್ಣ ಡೋಸ್ ವರದಿಯನ್ನು ತಾವೇ ಗಣಕಕ್ಕೆ ಕಳುಹಿಸಬಲ್ಲವು. ಅದನ್ನು ಓದಿ ಅರ್ಥೈಸಲು ವೈದ್ಯಕೀಯ ಭೌತವಿಜ್ಞಾನಿ ಬೇಕು. ಹಳೆಯ ಯಂತ್ರವಿದ್ದರೆ ಒಂದು ನೋಟ್‌ಬುಕ್ಕೂ ಪೆನ್ನೂ ಸಾಕು.

ರೋಗಿಯ ಮನೆಯವರು ಮಾಡಬಹುದಾದದ್ದು

ಆಂಜಿಯೋಗ್ರಾಮ್‌ನ ಸಿ.ಡಿ.ಯನ್ನು ಜೋಪಾನವಾಗಿಟ್ಟು, ಬೇರೆ ಆಸ್ಪತ್ರೆಗೆ ಹೋದಾಗ ಮರೆಯದೆ ಒಯ್ಯಿರಿ. ಜಿಲ್ಲಾ ಕೇಂದ್ರದಲ್ಲಿ ತೆಗೆದ ಚಿತ್ರ ಚೆನ್ನಾಗಿದ್ದರೆ ಬೆಂಗಳೂರಿನಲ್ಲಿ ಮತ್ತೆ ತೆಗೆಯುವ ಅಗತ್ಯ ಬೀಳದಿರಬಹುದು. ಮಾಡದ ಪರೀಕ್ಷೆಯಷ್ಟು ವಿಕಿರಣ ಉಳಿಸುವುದು ಬೇರೊಂದಿಲ್ಲ. ಹಿಂದಿನ ಚಿಕಿತ್ಸೆ, ಸಿ.ಟಿ., ನ್ಯೂಕ್ಲಿಯರ್ ಸ್ಕ್ಯಾನ್‌ಗಳ ತಾರೀಖುಗಳನ್ನು ವೈದ್ಯರಿಗೆ ತಿಳಿಸಿ. ಗರ್ಭಿಣಿಯಾಗಿರುವ ಸಾಧ್ಯತೆಯಿದ್ದರೆ ಮೊದಲೇ ಹೇಳಿ. ಡಿಸ್ಚಾರ್ಜ್ ಪತ್ರದಲ್ಲಿ ಡೋಸ್ ಅಂಕಿಯನ್ನೂ ಬರೆದುಕೊಡುವಂತೆ ಕೇಳಿ. ಚಿಕಿತ್ಸೆ ಬಹಳ ಹೊತ್ತು ನಡೆದಿದ್ದರೆ, ಎರಡರಿಂದ ಎಂಟು ವಾರಗಳವರೆಗೆ ಮನೆಯವರು ಆಗಾಗ ಬೆನ್ನನ್ನು ನೋಡಲಿ. ಕೆಂಪು ಕಲೆ ಕಂಡರೆ ಚಿಕಿತ್ಸೆ ಮಾಡಿದ ಹೃದಯ ವಿಭಾಗಕ್ಕೇ ಮೊದಲು ತಿಳಿಸಿ; ಆ ಜಾಗದಿಂದ ಚರ್ಮದ ತುಣುಕು ತೆಗೆಸುವ ಆತುರ ಬೇಡ, ಅದರಿಂದ ಗಾಯ ಹೆಚ್ಚಬಹುದು.

ಆಸ್ಪತ್ರೆಯ ಕಡತದಲ್ಲಿ ರೋಗಿಯ ತೂಕ, ರಕ್ತದೊತ್ತಡ, ಸಕ್ಕರೆಯ ಅಂಕಿಗಳು ಈಗಾಗಲೇ ಸಾಲಾಗಿ ಕುಳಿತಿವೆ. ಅವುಗಳ ಕೆಳಗೆ ಇನ್ನೊಂದು ಸಾಲಿಗೆ ಜಾಗವಿದೆ.